ಎಡಗೆನ್ನೆಗೆ ಬಂದ ಎಲೆಯಡಿಕೆ

ಕಸುಬಿನವರು ಗಿರಾಕಿಯ ಮುಂದೆ ತಮ್ಮ ಕಸುಬಿನ ಮಾತು ತೆಗೆದರೆ ನನಗೆ ತಕ್ಷಣ ಅನುಮಾನ ಶುರುವಾಗುತ್ತದೆ. ನಾನೂ ಕಸುಬಿನವಳೇ. ಮಂಗಳೂರಿನ ಕೊಟ್ಟಾರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮದುವೆಯ ಬ್ಲೌಸ್ ಹೊಲಿಸಲು ಬಂದ ಹೆಂಗಸರಿಗೆ ನಾನು ಪ್ರಿನ್ಸೆಸ್ ಕಟ್, ಪೈಪಿಂಗ್, ಕ್ಯಾನ್ವಾಸ್ ಎಂದು ಹೇಳುತ್ತಾ ಹೋದರೆ ಅವರು ತಲೆಯಾಡಿಸುತ್ತಾರೆ. ಅರ್ಥವಾಗಿ ಅಲ್ಲ, ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆಯಾಗಿ. ಆ ತಲೆಯಾಟದಿಂದ ನನ್ನ ಅಂಗಡಿ ಎಷ್ಟು ನಡೆದಿದೆ ಎಂಬುದು ನನಗೆ ಗೊತ್ತು. ತಾ ಕಳ್ಳ ಪರರ ನಂಬ ಎಂದು ಯಾರಾದರೂ ಅಂದರೆ ಅನ್ನಲಿ, ನನಗೆ ಬೇಸರವಿಲ್ಲ.

ಹಾಗಾಗಿ ಹೋದ ವರ್ಷ ನನ್ನ ದವಡೆ ಹಲ್ಲು ನೋಯತೊಡಗಿ, ಕ್ಲಿನಿಕ್ಕಿನ ಡಾಕ್ಟರು "ಆರ್‌ಸಿಟಿ ಮಾಡಿ ಕ್ರೌನ್ ಹಾಕಬೇಕು" ಎಂದಾಗ ನಾನು ತಲೆಯಾಡಿಸಲಿಲ್ಲ. ಹಾಗೆಂದರೆ ಏನು ಎಂದು ಕೇಳಿದೆ. ರೂಟ್ ಕೆನಾಲ್ ಎಂದರು. ಹಾಗೆಂದರೆ ಏನು ಎಂದು ಮತ್ತೆ ಕೇಳಿದೆ. ಅವರು ಎಕ್ಸ್‌ರೇ ತೋರಿಸಿದರು. ಒಂದು ಹಲ್ಲಿನ ಒಳಗೆ ಕಪ್ಪು ನೆರಳು ಕಂಡಿತು. ಅದು ನನ್ನದೇ ಹಲ್ಲು ಎಂದು ನಾನು ಹೇಗೆ ನಂಬುವುದು? ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಪಕ್ಕದ ಟೈಲರಿನ ಬಳಿಗೆ ಹೋಗುವ ಗಿರಾಕಿಗಳು ನನಗೆ ಹೇಳುವ ಮಾತೂ ಅದೇ.

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಆಗ ಡೆಂಟಲ್ ಕಾಲೇಜಿನ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಳು. ಶಿವಮೊಗ್ಗ ಕಡೆಯವಳು, ಓದಿನ ಕೊನೆಯ ವರ್ಷ. ನಾನು ಕೆನ್ನೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿ ಅವಳೂ ಪಕ್ಕದಲ್ಲಿ ಕೂತು, ಡಾಕ್ಟರು ಹೇಳದೆ ಬಿಟ್ಟದ್ದನ್ನೆಲ್ಲ ಬಿಡಿಸಿ ಹೇಳಿದಳು. ಹಲ್ಲಿನ ಹೊಟ್ಟೆಯಲ್ಲಿ ನರವೂ ರಕ್ತವೂ ಇರುತ್ತವೆ. ಹುಳುಕು ಅಲ್ಲಿಯವರೆಗೆ ಇಳಿದರೆ ಮೇಲಿನಿಂದ ಸಿಮೆಂಟ್ ಮೆತ್ತಿ ಪ್ರಯೋಜನವಿಲ್ಲ, ಒಳಗಿನದನ್ನು ತೆಗೆದು, ತೊಳೆದು, ತುಂಬಿಸಿ ಮುಚ್ಚಬೇಕು. ಅದು ರೂಟ್ ಕೆನಾಲ್. ಆ ಮೇಲೆ ಹಲ್ಲು ಒಣಕೊಂಬೆಯ ಹಾಗೆ, ಗಟ್ಟಿ ಕಚ್ಚಿದರೆ ಸೀಳಬಹುದು, ಅದಕ್ಕೆ ಮೇಲೊಂದು ಟೋಪಿ. ಕ್ರೌನ್ ಎಂದರೂ ಕ್ಯಾಪ್ ಎಂದರೂ ಆ ಟೋಪಿಯೇ.

ಕಿತ್ತು ಬಿಸಾಡಿದರೆ ಇಷ್ಟೆಲ್ಲ ರಗಳೆ ಇಲ್ಲವಲ್ಲ ಎಂದೆ. ಕಿತ್ತರೆ ಅಕ್ಕಪಕ್ಕದ ಹಲ್ಲು ಆ ಸಂದಿಗೆ ವಾಲುತ್ತದೆ, ಆಮೇಲೆ ಬ್ರಿಜ್ ಹಾಕಿಸಿಕೊಳ್ಳಬೇಕಾದೀತು ಎಂದಳು. ನಮಗೆ ಬ್ರಿಜ್ ಎಂದರೆ ತೊಕ್ಕೊಟ್ಟಿಗೆ ಹೋಗುವಾಗ ನೇತ್ರಾವತಿಯ ಮೇಲೆ ಸಿಗುವಂಥದ್ದು. ಹಲ್ಲಿನ ಬ್ರಿಜ್ಜೂ ಹೆಚ್ಚುಕಡಿಮೆ ಹಾಗೆಯೇ ಅಂತೆ, ಎರಡು ಕಡೆಯ ಗಟ್ಟಿ ಹಲ್ಲಿಗೆ ಆಧಾರ ಕೊಟ್ಟು ನಡುವೆ ಕಟ್ಟಿದ ಹಲ್ಲು. ಹಲ್ಲಿನ ಪಾಚಿ ಕೆರೆಯುವ ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂದು ನಮ್ಮ ಓಣಿಯಲ್ಲೆಲ್ಲ ನಂಬಿಕೆ. ಅದನ್ನೂ ಕೇಳಿದೆ. ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಬುಡಕ್ಕೆ ಕಟ್ಟಿದ ಪಾಚಿಗಲ್ಲು ಹಿಡಿದು ನಿಲ್ಲಿಸಿರುತ್ತದೆ, ಕಲ್ಲು ತೆಗೆದ ಮೇಲೆ ನಿಜ ಗೊತ್ತಾಗುತ್ತದೆ ಎಂದಳು. ಉತ್ತರ ಚೆನ್ನಾಗಿತ್ತು. ಚೆನ್ನಾಗಿರುವ ಉತ್ತರದ ಮೇಲೆ ನನಗೆ ಒಂದು ಪಾಲು ಅನುಮಾನ ಜಾಸ್ತಿ.

ನನ್ನ ಗುರುತು ಯಾರಿಗೂ ಇಲ್ಲದ ಬಜಪೆಗೆ ಹೋಗಿ ಅಲ್ಲಿನ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು. ಇಬ್ಬರು ಒಂದೇ ಮಾತು ಹೇಳಿದರೆ ಅದು ನಿಜವಿರಬೇಕು, ಇಲ್ಲವೇ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರಿರಬೇಕು. ಮಂಗಳೂರಿನಲ್ಲಿ ಎರಡನೆಯದಕ್ಕೂ ಸಾಧ್ಯತೆ ಕಡಿಮೆಯೇನಲ್ಲ. ಕೊನೆಗೆ ನೋವು ತಡೆಯಲಾಗದೆ ಮಾಡಿಸಿದೆ, ನೋವು ಹೋಯಿತು. ಹೋದ ಮೇಲೂ ಕೆಲವು ದಿನ ನಾಲಿಗೆಯಿಂದ ಆ ಟೋಪಿಯನ್ನು ತಡವಿ ನೋಡುತ್ತಿದ್ದೆ.

ಮಹಡಿಯ ಹುಡುಗಿ ಒಂದು ಸಂಜೆ ಅಂಗಡಿಗೇ ಬಂದು, ಅಜ್ಜಿಯ ಬಾಯಿಯನ್ನು ಒಮ್ಮೆ ಕಾಲೇಜಿನಲ್ಲಿ ತೋರಿಸಬೇಕಿತ್ತು ಎಂದದ್ದು ಇದಾದ ಮೇಲೆ. ಅಜ್ಜಿ ಎಂದರೆ ನನ್ನ ಅಮ್ಮ. ಮನೆ ತಾಯಿಯಿಂದ ಮಗಳಿಗೆ ಬರುವ ನಮ್ಮಲ್ಲಿ ಅಮ್ಮ ಮಗಳ ಜೊತೆ ಇರುವುದು ಹೊಸ ಸಂಗತಿಯಲ್ಲ, ಮನೆಯೇ ಅಮ್ಮನದು. ನನಗೆ ಕತ್ತರಿ ಹಿಡಿಯಲು ಕಲಿಸಿದವಳೂ ಅವಳೇ. ಈಗ ಕಣ್ಣು ಮಂಜಾದ ಮೇಲೆ ಅಂಗಡಿಯ ಮೂಲೆಯಲ್ಲಿ ಕೂತು ಹುಕ್ಕು ಹಚ್ಚುತ್ತಾಳೆ, ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾಳೆ. ಹುಡುಗಿ ಹೇಳಿದ್ದಿಷ್ಟು: ಟಿವಿ ನೋಡುವಾಗ ಅಜ್ಜಿ ಆಕಳಿಸಿದರು, ಬಲಗೆನ್ನೆಯ ಒಳಗೆ ಬೆಳ್ಳಗಿನ ಒಂದು ಮಚ್ಚೆ ಕಂಡಿತು.

ಈ ಓದುವವರು ನಮ್ಮ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಯಾಕೆ ನೋಡುತ್ತಾರೆ ಎನ್ನುವುದು ಡೆಂಟಲ್ ಕಾಲೇಜುಗಳ ಆಸುಪಾಸಿನಲ್ಲಿ ಮನೆ ಬಾಡಿಗೆಗೆ ಕೊಟ್ಟ ನಮ್ಮಂಥವರಿಗೆಲ್ಲ ಗೊತ್ತು. ಪರೀಕ್ಷೆಗೆ ಮುಂಚೆ ಅವರು ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿಸಿರಬೇಕು, ಇಷ್ಟು ಹಲ್ಲುಸೆಟ್ಟು ಕಟ್ಟಿರಬೇಕು ಎಂದು ಲೆಕ್ಕ ಉಂಟಂತೆ. ಅದಕ್ಕೆ ಅವರು ಕೋಟಾ ಎನ್ನುತ್ತಾರೆ. ಕೋಟಾ ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ದಿನಗಳು ಹತ್ತಿರ ಬಂದಂತೆ ಮಕ್ಕಳ ಮಾತಿನಲ್ಲಿ ಜೇನು ಸುರಿಯುತ್ತದೆ. ರಿಕ್ಷಾದವರು, ಹಾಲಿನವರು, ಮೀನು ತರುವವಳು, ಯಾರೂ ಬಾಯಿ ಬಿಟ್ಟು ನಗುವ ಹಾಗಿಲ್ಲ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ನಿನ ಹಲ್ಲನ್ನು ವರ್ಷ ವರ್ಷವೂ ಹೊಸ ಹೊಸ ಮಕ್ಕಳು ಉಜ್ಜಿ ಉಜ್ಜಿ, ಆ ಮನುಷ್ಯ ಈಗ ಟೂತ್‌ಪೇಸ್ಟ್ ಜಾಹೀರಾತಿಗೆ ನಿಲ್ಲಬಹುದು.

ಆದ್ದರಿಂದ ನಾನು ಹೊಲಿಗೆ ಮಿಷಿನ್ನು ನಿಲ್ಲಿಸಿ ನೇರ ಕೇಳಿದೆ. "ನಿನಗೆ ಕೇಸ್ ಬೇಕಾ ಎಂತ?"

ಹುಡುಗಿ ಮುಖ ಕೆಂಪು ಮಾಡಿಕೊಳ್ಳಲಿಲ್ಲ. "ಬೇಕು ಆಂಟಿ, ಸುಳ್ಳು ಹೇಳಲ್ಲ. ಆದ್ರೆ ನಂಗೆ ಬೇಕಾಗಿರೋದು ಒಂದೂ ಹಲ್ಲಿಲ್ಲದವರು, ಪೂರ್ತಿ ಸೆಟ್ ಕಟ್ಟೋಕೆ. ಅಜ್ಜಿಗೆ ಅಷ್ಟೂ ಹಲ್ಲು ಗಟ್ಟಿ ಇದಾವೆ. ಅವರು ಬಂದ್ರೆ ಬೇರೆ ವಿಭಾಗಕ್ಕೆ ಹೋಗ್ತಾರೆ, ನನ್ನ ಲೆಕ್ಕಕ್ಕೆ ಬರಲ್ಲ."

ಇದರಿಂದ ನನಗೆ ಹೆದರಿಕೆಯಾಯಿತು. ಒಬ್ಬರು ಹೇಳುವ ಮಾತಿನಲ್ಲಿ ಅವರಿಗೆ ಏನು ಸಿಗುತ್ತದೆ ಎಂದು ನೋಡುವುದು ನನ್ನ ಅಳತೆಗೋಲು. ಇವಳಿಗೆ ಏನೂ ಸಿಗುವುದಿಲ್ಲ.

ಅಮ್ಮನನ್ನು ಕೇಳಿದರೆ ಉತ್ತರ ಸಿದ್ಧವಿತ್ತು. ಎಲೆಗೆ ಹಚ್ಚುವ ಸುಣ್ಣ ಜಾಸ್ತಿಯಾಗಿ ಸುಟ್ಟದ್ದು, ಅಷ್ಟೇ. ನಾವು ಮನೆಯಲ್ಲಿ ಮಾತಾಡುವುದು ತುಳು, ಅವಳ ಮಾತಿನ ರುಚಿ ಕನ್ನಡದಲ್ಲಿ ಪೂರ್ತಿ ಬರುವುದಿಲ್ಲ. "ಎಲೆ ತಿನ್ನುವವರಿಗೆಲ್ಲ ಆಗ್ತದೆ ಮಾರಾಯ್ತಿ. ಇನ್ನು ಸುಣ್ಣ ಕಡಿಮೆ ಹಾಕ್ತೇನೆ, ಆಯ್ತಲ್ಲ?" ಎಂದಳು.

ಎಲೆ ತಿನ್ನುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬಾಯಲ್ಲಿ ಬೆಳ್ಳಗೆ ಕಂಡರೆ ಸುಣ್ಣ, ಉರಿದರೆ ಸುಣ್ಣ, ಚರ್ಮ ಸುಲಿದರೂ ಸುಣ್ಣ. ಅಡಿಕೆಯನ್ನಾಗಲಿ ಹೊಗೆಸೊಪ್ಪನ್ನಾಗಲಿ ಯಾರೂ ದೂರುವುದಿಲ್ಲ, ಅವು ಮನೆಯ ಮಕ್ಕಳು. ಬಂದವರಿಗೆ ನೀರು ಬೆಲ್ಲದ ಹಿಂದೆಯೇ ಎಲೆಯಡಿಕೆಯ ಹರಿವಾಣ ಇಡುವ ಮನೆ ನಮ್ಮದು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುವುದನ್ನು ಅಕ್ಷರಶಃ ಪಾಲಿಸುತ್ತಾ ಬಂದಿದ್ದೇವೆ. ನಾನೂ ಸುಣ್ಣವನ್ನೇ ನಂಬಲು ಹೊರಟಿದ್ದೆ, ನಂಬಲು ಆಸೆಯೂ ಇತ್ತು.

ಆದರೆ ಹುಡುಗಿ ಆ ಸಂಜೆ ಅಂಗಡಿಯ ಮೆಟ್ಟಿಲಿಳಿಯುವಾಗ ಒಂದು ಮಾತು ಹೇಳಿ ಹೋಗಿದ್ದಳು. ಸುಣ್ಣ ತಾಗಿದ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ. ಎರಡು ವಾರವಾದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಹುಣ್ಣು ಯಾವುದೇ ಆಗಲಿ, ನೋವಿಲ್ಲ ಎಂದು ಸುಮ್ಮನಿರಬಾರದು. ನೋಯುವ ಹಲ್ಲು ತಾನೇ ಮನುಷ್ಯನನ್ನು ಡಾಕ್ಟರ ಹತ್ತಿರ ಎಳೆದು ತರುತ್ತದೆ, ಇದು ಹಾಗೆ ಎಳೆಯುವುದಿಲ್ಲ. ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಅಲ್ಲಿಂದ ನಾನು ಡಾಕ್ಟರುಗಳನ್ನು ಬಿಟ್ಟು ಅಮ್ಮನನ್ನು ಅನುಮಾನಿಸತೊಡಗಿದೆ.

ಮೊದಲು ಸಾರು. ನಮ್ಮಮ್ಮನಿಗೆ ಬೂತಾಯಿ ಮೀನಿನ ಪುಳಿಮುಂಚಿ ಎಂದರೆ ಪ್ರಾಣ. ಹುಳಿ ಮತ್ತು ಒಣಮೆಣಸು ಜಗಳಕ್ಕೆ ನಿಂತ ಹಾಗಿರಬೇಕು ಆ ಸಾರು. ಕೆಲವು ತಿಂಗಳಿಂದ ಅವಳು ಬಟ್ಟಲು ಪಕ್ಕಕ್ಕೆ ಸರಿಸಿ, ಈಚೆಗೆ ನಿನ್ನ ಕೈಯಲ್ಲಿ ಖಾರ ಹೆಚ್ಚು ಎಂದು ನನ್ನನ್ನೇ ದೂರುತ್ತಿದ್ದಳು. ಹೊಸ ಮೆಣಸಿನ ಗುಣವಿರಬೇಕು ಎಂದು ನಾನು ಮೆಣಸು ಕಡಿಮೆ ಮಾಡುತ್ತಾ ಬಂದು, ನಮ್ಮ ಪುಳಿಮುಂಚಿ ಬಾಣಂತಿಯರ ಪಥ್ಯದ ಸಾರಿನಂತಾಗಿತ್ತು. ಈಗ ಕುಳಿತು ಯೋಚಿಸಿದರೆ, ಮೆಣಸು ಅದೇ ಅಂಗಡಿಯದು, ಕೈಯೂ ಅದೇ. ಬದಲಾದದ್ದು ಬಾಯಿ.

ಆಮೇಲೆ ಕೆನ್ನೆ. ಅಮ್ಮ ಎಲೆಯಡಿಕೆಯ ಉಂಡೆಯನ್ನು ನನಗೆ ನೆನಪಿದ್ದಾಗಿನಿಂದ ಬಲಗೆನ್ನೆಯಲ್ಲಿ ಒತ್ತಿ ಇಟ್ಟುಕೊಳ್ಳುವವಳು. ಚಿಕ್ಕಂದಿನಲ್ಲಿ ನಾನು ಅವಳ ಎಡಗೆನ್ನೆಗೇ ಮುತ್ತು ಕೊಡುತ್ತಿದ್ದೆ, ಬಲಗಡೆ ಸದಾ ಉಬ್ಬಿ ಗಟ್ಟಿಯಾಗಿರುತ್ತಿತ್ತು. ಅವಳು ಹುಕ್ಕು ಹಚ್ಚುತ್ತಾ ಕೂತಿದ್ದಾಗ ದಿಟ್ಟಿಸಿ ನೋಡಿದೆ. ಉಬ್ಬು ಎಡಗಡೆಗೆ ಬಂದಿತ್ತು. ಇಷ್ಟು ವರ್ಷದ ಅಭ್ಯಾಸದ ಮಗ್ಗುಲನ್ನು ಸುಮ್ಮನೆ ಯಾರೂ ಬದಲಿಸುವುದಿಲ್ಲ. ಮಚ್ಚೆಯ ವಿಷಯ ಹುಡುಗಿಗಿಂತ ಎಷ್ಟೋ ಮೊದಲು ಅಮ್ಮನಿಗೆ ಗೊತ್ತಿತ್ತು, ಅದು ಉರಿಯುತ್ತಿತ್ತು, ಮತ್ತು ಅವಳು ನನ್ನಿಂದ ಮುಚ್ಚಿಟ್ಟಿದ್ದಳು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಭಯ ಬಂತು. ಎಡಗೆನ್ನೆಯ ವಿಷಯ ಎತ್ತಿದಾಗ ಅವಳು ವಾದ ಮಾಡಲಿಲ್ಲ, ಮರುದಿನ ನನ್ನ ಜೊತೆ ರಿಕ್ಷಾ ಹತ್ತಿದಳು.

ಕಾಲೇಜಿನ ಆಸ್ಪತ್ರೆಯಲ್ಲಿ ಹಿರಿಯ ಮೇಡಂ ಒಬ್ಬರು ನೋಡಿದರು. ಬಿಳಿ ಬಟ್ಟೆಯ ತುಂಡಿನಿಂದ ಮಚ್ಚೆಯನ್ನು ಒರೆಸಿದರು. ಅದು ಹೋಗಲಿಲ್ಲ. ಬೆರಳಿನಿಂದ ಒತ್ತಿ ನೋಡಿದರು, ದವಡೆಯ ಕೆಳಗೆ ಕತ್ತನ್ನು ಮುಟ್ಟಿ ನೋಡಿದರು. ಲ್ಯೂಕೋಪ್ಲೇಕಿಯಾ ಎಂಬ ಮಾತು ಹೇಳಿದರು. ಒರೆಸಿದರೆ ಹೋಗದ, ಬೇರೆ ಕಾರಣ ಸಿಗದ ಬಿಳಿ ಮಚ್ಚೆಗೆ ಹಾಗೆನ್ನುತ್ತಾರೆ, ಅದು ಕ್ಯಾನ್ಸರ್ ಎಂದಲ್ಲ, ಆದರೆ ಕೆಲವು ಮುಂದೆ ಆ ದಾರಿ ಹಿಡಿಯಬಹುದು ಎಂದು ಸಮಾಧಾನದಿಂದ ವಿವರಿಸಿದರು. ಅಲ್ಲಿಯವರೆಗೆ ಅಮ್ಮ ಕುರ್ಚಿಯಲ್ಲಿ ಒಳ್ಳೆಯ ಮಗುವಿನ ಹಾಗೆ ಮಲಗಿದ್ದಳು. ಮೇಡಂ ಬಯಾಪ್ಸಿ ಎಂಬ ಮಾತು ಆಡಿದ್ದೇ ತಡ, ಎದ್ದು ಕೂತಳು. ಕೊರಳಿಗೆ ಸಿಕ್ಕಿಸಿದ್ದ ಹಸಿರು ಕಾಗದದ ಸಮೇತ ಬಾಗಿಲು ದಾಟಿ, ರಿಕ್ಷಾ ಸ್ಟ್ಯಾಂಡಿನವರೆಗೆ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಆ ಮಾತು ಅವಳಿಗೆ ಹೊಸದಲ್ಲ. ಅವಳ ಅಣ್ಣ, ನನ್ನ ಮಾವ, ನಾಲಿಗೆಯ ಬದಿಯಲ್ಲಿ ಹುಣ್ಣು ಇಟ್ಟುಕೊಂಡು ಬಹಳ ಕಾಲ ಓಡಾಡಿದ ಮನುಷ್ಯ. ಊಟ ಇಳಿಯದೆ ಹೋದಾಗ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ತುಂಡು ತೆಗೆದು ಪರೀಕ್ಷೆ ಮಾಡಿದರು. ಹೆಚ್ಚು ದಿನ ಬದುಕಲಿಲ್ಲ. ಕತ್ತಿ ತಾಗಿದ್ದೇ ಹಬ್ಬಿತು ಎಂದು ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದವರೆಲ್ಲ ಹೇಳಿದರು. ನಮ್ಮ ಮನೆಯಲ್ಲಿ ಬಯಾಪ್ಸಿ ಎಂದರೆ ಪರೀಕ್ಷೆಯ ಹೆಸರಲ್ಲ, ಮಾವ ಸತ್ತ ಕಾಯಿಲೆಯ ಹೆಸರು. ನಾನೂ ಹಾಗೆಯೇ ಕೇಳುತ್ತಾ ಬೆಳೆದವಳು, ಅದಕ್ಕೇ ಆ ದಿನ ಅವಳನ್ನು ಒಳಗೆ ವಾಪಸು ಕರೆಯದೆ ನಾನೂ ರಿಕ್ಷಾ ಹತ್ತಿದೆ.

ಮತ್ತೆ ಆ ಮಾತೆತ್ತಿದರೆ ಅವಳು ಎದ್ದು ಹೋಗುತ್ತಿದ್ದಳು. ಬೇಡಿಕೊಂಡೆ, ಗದರಿಸಿದೆ, ಊಟ ಬಿಡುತ್ತೇನೆ ಎಂದೂ ಹೇಳಿ ನೋಡಿದೆ. ಬಿಡು, ಅಕ್ಕಿ ಉಳಿಯುತ್ತದೆ ಎಂದಳು. ಮಹಡಿಯ ಹುಡುಗಿ ಬಂದು, ಬಯಾಪ್ಸಿಯಿಂದ ರೋಗ ಹರಡುವುದಿಲ್ಲ, ಕೆನ್ನೆ ಮರಗಟ್ಟಿಸಿ ಚೂರೇ ಚೂರು ತೆಗೆಯುವುದು ಎಂದು ಹೇಳಿದಳು. ಅಮ್ಮ ಅವಳನ್ನು, ನಾನು ಮೊದಲು ನೋಡುತ್ತಿದ್ದ ಹಾಗೆಯೇ ನೋಡಿದಳು. ನನಗೆ ಈ ಕಣ್ಣು ಎಲ್ಲಿಂದ ಬಂತು ಎಂದು ಆಗ ತಿಳಿಯಿತು.

ದಾರಿ ಸಿಕ್ಕಿದ್ದು ಅಂಗಡಿಯಲ್ಲಿ. ಒಬ್ಬ ಗಿರಾಕಿ ಹಾಲುಬಿಳುಪಿನ ಬ್ಲೌಸ್ ಪೀಸು ತಂದು, ಲೈನಿಂಗಿಗೆ ಕೆಂಪು ಬಟ್ಟೆಯನ್ನು ತಾನೇ ತಂದುಕೊಟ್ಟು ಹೋಗಿದ್ದಳು. ಬಣ್ಣ ಹೋಗುವುದಿಲ್ಲ, ಅಂಗಡಿಯವರು ಗ್ಯಾರಂಟಿ ಕೊಟ್ಟಿದ್ದಾರೆ ಎಂದಿದ್ದಳು. ಗ್ಯಾರಂಟಿ ಎಂಬ ಮಾತಿಗೆ ಅಮ್ಮ ಮೂಲೆಯಿಂದಲೇ ಮೂಗು ಮುರಿದಿದ್ದಳು. ಗಿರಾಕಿ ಆಚೆ ಹೋದ ಮೇಲೆ ಅಮ್ಮ ಎದ್ದು ಬಂದಳು, ಕತ್ತರಿ ತೆಗೆದುಕೊಂಡಳು, ಕೆಂಪು ಬಟ್ಟೆಯ ಅಂಚಿನಿಂದ ಬೆರಳುಗುರಿನಷ್ಟು ತುಂಡು ಕತ್ತರಿಸಿ ಲೋಟದ ನೀರಿಗೆ ಹಾಕಿದಳು. ಹೊಸ ಬಟ್ಟೆ ಬಂದರೆ ಮೊದಲು ತುಂಡು ನೆನೆಸಿ ನೋಡು, ಆಮೇಲೆ ಕತ್ತರಿ ಹಾಕು ಎನ್ನುವುದು ಅವಳು ನನಗೆ ಕಲಿಸಿದ ಮೊದಲ ಪಾಠ. ಸ್ವಲ್ಪ ಹೊತ್ತಿಗೆ ಲೋಟದ ನೀರು ಗುಲಾಬಿಯಾಯಿತು.

"ನೋಡು, ಗ್ಯಾರಂಟಿಯಂತೆ," ಎಂದು ಅಮ್ಮ ನಕ್ಕಳು.

ನಾನು ಲೋಟವನ್ನು ಅವಳ ಮುಂದೆ ಸರಿಸಿದೆ. "ಅಮ್ಮ, ನೀನು ತುಂಡು ಮಾಡಿದ್ದಕ್ಕೆ ಬಟ್ಟೆ ಬಣ್ಣ ಬಿಟ್ಟದ್ದಾ? ಅಥವಾ ಬಿಡುವ ಬಟ್ಟೆ ಅಂತ ತುಂಡಿನಲ್ಲಿ ಗೊತ್ತಾದದ್ದಾ?"

ಅವಳಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಕತ್ತರಿ ಕೆಳಗಿಟ್ಟಳು. ಗುಲಾಬಿ ನೀರಿನಿಂದ ಆ ತುಂಡನ್ನು ಎತ್ತಿ ಹಿಂಡಿದಳು.

"ಅಣ್ಣನದ್ದು ಮೊದಲೇ ಬಣ್ಣ ಬಿಟ್ಟಾಗಿತ್ತು ಅಂತ ಹೇಳ್ತೀಯಾ?"

"ಹೌದಮ್ಮ. ತೋರಿಸುವಾಗಲೇ ತಡ ಆಗಿತ್ತು."

"ಅವ ಬರುದಿಲ್ಲ ಹೇಳಿದ್ದ," ಎಂದಳು ಅಮ್ಮ. "ಕೈ ಹಿಡಿದು ಎಳಕೊಂಡು ಹೋದದ್ದು ನಾನು. ನಾನೇ ಕೊಂದದ್ದು ಅಂತ ಇಷ್ಟು ವರ್ಷ ಇದ್ದೆ."

ಇದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನಾನು ಅಂಗಡಿಯ ಶಟರನ್ನು ಅರ್ಧ ಎಳೆದು ಅವಳ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು. ಆ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆ ಕೆಂಪು ಬಟ್ಟೆಯನ್ನು ವಾಪಸು ಕಳಿಸು, ಬಿಳಿ ಕಾಟನ್ ತರಲಿ ಎಂದು ಹೇಳಿದಳು.

ಅದೇ ವಾರ ಬಯಾಪ್ಸಿ ಆಯಿತು. ಕೆನ್ನೆಗೊಂದು ಇಂಜೆಕ್ಷನ್, ಅಕ್ಕಿಕಾಳಿನಷ್ಟು ತುಂಡು, ಆ ಜಾಗಕ್ಕೆ ಹೊಲಿಗೆ. ಮನೆಗೆ ಬಂದು ಮರಗಟ್ಟಿದ್ದು ಬಿಟ್ಟ ಮೇಲೆ ಅಮ್ಮ ಕನ್ನಡಿ ಹಿಡಿದು, ನನ್ನಿಂದ ಮೊಬೈಲಿನ ಟಾರ್ಚ್ ಹಾಕಿಸಿ, ಕೆನ್ನೆಯನ್ನು ಅತ್ತಿತ್ತ ಎಳೆದು ಆ ಹೊಲಿಗೆಯನ್ನು ನೋಡಿದಳು. ಹೊಲಿಗೆ ಪರವಾಗಿಲ್ಲ, ಗಂಟು ಮಾತ್ರ ದೊಡ್ಡದಾಯಿತು ಎಂದು ತೀರ್ಪು ಕೊಟ್ಟಳು.

ರಿಪೋರ್ಟ್ ಬರುವವರೆಗಿನ ದಿನಗಳನ್ನು ಬರೆಯಲು ನನಗೆ ಇಷ್ಟವಿಲ್ಲ. ಮೂರು ಬ್ಲೌಸಿಗೆ ತೋಳು ತಿರುವುಮುರುವು ಹಚ್ಚಿ ಬಿಚ್ಚಿದೆ. ಕೊನೆಗೆ ಮೇಡಂ ಕರೆದು ಕೂರಿಸಿ, ಮೈಲ್ಡ್ ಡಿಸ್‌ಪ್ಲೇಸಿಯಾ ಎಂದರು. ಈ ಸಲ ನಾನೂ ಅಮ್ಮನೂ ಒಟ್ಟಿಗೇ ಹಾಗೆಂದರೆ ಏನು ಎಂದು ಕೇಳಿದೆವು. ಅವರು ಬೇಸರಿಸದೆ ಹೇಳಿದರು. ಚರ್ಮದ ಕಣಗಳು ಸ್ವಲ್ಪ ದಾರಿ ತಪ್ಪಲು ಶುರುವಾಗಿವೆ, ಕ್ಯಾನ್ಸರ್ ಅಲ್ಲ. ಎಲೆಯಡಿಕೆಯನ್ನೂ ಹೊಗೆಸೊಪ್ಪನ್ನೂ ಪೂರ್ತಿ ಬಿಟ್ಟು, ಕರೆದಾಗೆಲ್ಲ ಬಂದು ತೋರಿಸುತ್ತಿದ್ದರೆ ಮುಂದೆ ಹೋಗದಂತೆ ಕಾಯಬಹುದು, ಬೆಳೆದರೆ ಆ ಭಾಗವನ್ನು ತೆಗೆಯಬೇಕಾದೀತು. ಬರೀ ಎಲೆ ತಿನ್ನಬಹುದಾ ಎಂದು ಅಮ್ಮ ಕೇಳಿದಳು. ಮೇಡಂ ನಗಲಿಲ್ಲ. ಎಲೆಯ ಹಿಂದೆ ಅಡಿಕೆ ಬಂದೇ ಬರುತ್ತದೆ, ಅದೂ ಬೇಡ ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಪತ್ತೇದಾರಿಕೆ ಶುರುವಾಯಿತು. ಹರಿವಾಣ ಅಟ್ಟ ಸೇರಿತು. ಬಾಯಿ ಸುಮ್ಮನಿರದೆ ಅಮ್ಮ ಬಡೆಸೋಂಪು ಜಗಿಯುತ್ತಾಳೆ, ಸಿಡಿಮಿಡಿ ಮಾಡುತ್ತಾಳೆ. ನಾನು ಅವಳ ತಲೆದಿಂಬಿನ ಚೀಲ ತಡವುತ್ತೇನೆ, ಹುಕ್ಕಿನ ಡಬ್ಬಿ ಅಲ್ಲಾಡಿಸಿ ನೋಡುತ್ತೇನೆ, ನೆರೆಮನೆಗೆ ಹೋಗಿ ಬಂದರೆ ಮಾತಾಡಿಸುವ ನೆಪದಲ್ಲಿ ಉಸಿರು ಮೂಸುತ್ತೇನೆ. ಭಾನುವಾರ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ಬಾಯಿ ತೆರೆಸಿ ಟಾರ್ಚ್ ಹಾಕುತ್ತೇನೆ. ಪೊಲೀಸರ ಮನೆಯಲ್ಲಿ ಹುಟ್ಟಬೇಕಿತ್ತು ನೀನು ಎಂದು ಬಯ್ಯುತ್ತಲೇ ಅವಳು ಬಾಯಿ ತೆರೆಯುತ್ತಾಳೆ. ಮಹಡಿಯ ಹುಡುಗಿ ಹಲ್ಲಿಲ್ಲದವರನ್ನು ಎಲ್ಲಿಂದಲೋ ಹುಡುಕಿ ಪರೀಕ್ಷೆ ಮುಗಿಸಿ ಊರಿಗೆ ಹೋದಳು. ಹೋಗುವಾಗ ಅಜ್ಜಿಯ ಬಾಯಿಯನ್ನು ಕೊನೆಯ ಸಲ ನೋಡಿ, ಮಚ್ಚೆ ತೆಳ್ಳಗಾದ ಹಾಗಿದೆ, ಆದರೂ ಮೇಡಂಗೆ ತೋರಿಸುವುದನ್ನು ಬಿಡಬೇಡಿ ಎಂದಳು. ಆದ ಹಾಗಿದೆ ಎಂಬ ಮಾತನ್ನು ನಾನು ಪೂರ್ತಿ ನಂಬಲಿಲ್ಲ.

ಹೋದ ವಾರ ಒಳ್ಳೆಯ ಬೂತಾಯಿ ಸಿಕ್ಕಿತು. ಎಂದಿನ ಹಾಗೆ ಮೆಣಸು ಇಳಿಸಿ ಪುಳಿಮುಂಚಿ ಮಾಡಿದೆ. ಅಮ್ಮ ಎರಡು ತುತ್ತು ಉಂಡು ಬಟ್ಟಲು ಸರಿಸಿದಳು. ನಾನು ಟಾರ್ಚ್ ಹಾಕಲು ಮೊಬೈಲಿಗೆ ಕೈ ಚಾಚಿದೆ. ಅವಳು ಮೆಣಸು ಖಾಲಿಯಾಗಿದೆಯಾ, ಇದೆಂಥ ನೀರು ಎಂದಳು.

ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಜೊತೆಗೇ ಅನುಮಾನವೂ ಬಂತು. ಮೇಡಂ ಹತ್ತಿರ ಹೋಗುವ ದಿನ ಹತ್ತಿರ ಬಂದಿತ್ತು, ಅದನ್ನು ತಪ್ಪಿಸಲು ಇದೊಂದು ನಾಟಕವಾಗಿರಬಾರದೇಕೆ? ಮರುದಿನ ಅವಳಿಗೆ ಹೇಳದೆ, ಹಳೆಯ ಕಾಲದ ಲೆಕ್ಕದಲ್ಲಿ, ಅದರ ಮೇಲೆ ಇನ್ನೊಂದು ಹಿಡಿ ಮೆಣಸು ಹುರಿದು ಅರೆದೆ. ಬಡಿಸಿ ಎದುರಿಗೆ ಕೂತು ಅವಳ ಮುಖವನ್ನೇ ನೋಡಿದೆ. ಅವಳು ಕುಚ್ಚಲಕ್ಕಿ ಗಂಜಿಗೆ ಸಾರು ಸುರಿದುಕೊಂಡಳು. ಮೀನು ಬಿಡಿಸಿದಳು. ಬಲಗಡೆಯಿಂದಲೇ ಜಗಿದಳು. ಕಣ್ಣಲ್ಲಿ ನೀರಿಲ್ಲ, ನೀರಿನ ಲೋಟಕ್ಕೆ ಕೈ ಹೋಗಲಿಲ್ಲ. ಇನ್ನೊಂದು ಸೌಟು ಹಾಕು ಎಂದಳು.

ಆಗ ನಾನೂ ಒಂದು ತುತ್ತು ಬಾಯಿಗಿಟ್ಟೆ. ಇಷ್ಟು ತಿಂಗಳು ಪಥ್ಯದ ಸಾರು ಉಂಡ ನನ್ನ ಬಾಯಿ ಹತ್ತಿ ಉರಿಯಿತು. ಮೂಗು, ಕಣ್ಣು ಎಲ್ಲ ಸುರಿದು, ತಟ್ಟೆ ತಳ್ಳಿ ನೀರು ಕುಡಿದೆ.

ಅಮ್ಮ ಕೈಯ ತುತ್ತನ್ನು ಅಲ್ಲೇ ನಿಲ್ಲಿಸಿದಳು. ನನ್ನ ಮುಖವನ್ನು ನೋಡಿದಳು, ಸರಿಸಿದ ತಟ್ಟೆಯನ್ನು ನೋಡಿದಳು. ಎಡಗೈಯಿಂದ ನನ್ನ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡು, ಟಾರ್ಚ್ ಎಲ್ಲಿ ಎಂದು ಹುಡುಕತೊಡಗಿದಳು.

"ಬಾಯಿ ತೆರೆ, ನೋಡುವ," ಎಂದಳು.